ಓದುಗರನ್ನು ನಂಬದ ಕೆಲಸ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಲೈಬ್ರರಿಯಿಂದ ಮನೆಮನೆಗೆ ಪುಸ್ತಕ ಒಯ್ದು ಕೊಡುವ ಕೆಲಸವನ್ನು ನಾನು ಬಿಟ್ಟ ಮೇಲೆ ಆ ಜಾಗಕ್ಕೆ ಇಬ್ಬರು ಹೊಸಬರು ಬಂದಿದ್ದಾರೆ. ಅವರಿಗೆ ಸ್ಕೂಟರ್ ಇದೆ. ಯಾರಿಗೆ ಯಾವ ಪುಸ್ತಕ ಬೇಕು ಎಂಬುದು ಮೊಬೈಲ್‌ಗೇ ಬರುತ್ತದೆ. ಒಂದು ದಿನ ಇಬ್ಬರೂ ಮನೆಗೆ ಬಂದು, ಈ ಕೆಲಸದಲ್ಲಿ ಮುಖ್ಯವಾಗಿ ಏನು ಕಲಿಯಬೇಕು ಎಂದು ಕೇಳಿದರು. ಯಾರನ್ನೂ ನಂಬಬೇಡಿ ಎಂದೆ. ಇಬ್ಬರೂ ನಕ್ಕು, ಚಹಾ ಕುಡಿದು ಹೋದರು. ನಾನು ತಮಾಷೆಗೆ ಹೇಳಿರಲಿಲ್ಲ. ಅದಕ್ಕೇ ಇಷ್ಟು ಬರೆಯುವುದು.

ಪುಸ್ತಕ ಕದಿಯುವವರ ಬಗ್ಗೆ ಎಚ್ಚರದಿಂದಿರಿ ಎಂದು ನಾನು ಹೇಳುತ್ತಿಲ್ಲ. ಕದಿಯುವವನು ಒಂದು ಲೆಕ್ಕದಲ್ಲಿ ಪ್ರಾಮಾಣಿಕ, ಅವನಿಗೆ ಪುಸ್ತಕ ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಹೇಳಿದ ದಿನಕ್ಕೆ ಸರಿಯಾಗಿ, ಚೊಕ್ಕವಾಗಿ, ಬಹಳ ಚೆನ್ನಾಗಿತ್ತು ಎಂದು ಹೇಳಿ ಮರಳಿಸುತ್ತಾರಲ್ಲ, ಕಣ್ಣಿಡಬೇಕಾದದ್ದು ಅವರ ಮೇಲೆ. ಬಹಳ ಚೆನ್ನಾಗಿತ್ತು ಎಂಬ ಮಾತನ್ನು ನಾನು ಇಡೀ ಉದ್ಯೋಗದಲ್ಲಿ ಒಮ್ಮೆಯೂ ನಂಬಿದವನಲ್ಲ.

ಈ ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕುಂದಾಪುರದ ಕಡೆಯಿಂದ ಬಂದವನು ನಾನು, ಎದುರಿಗಿದ್ದವರು ಹೇಳಿದ್ದನ್ನು ಹಾಗೇ ನಂಬುತ್ತಿದ್ದೆ. ನನ್ನನ್ನು ಕೆಡಿಸಿದವರು ಲೈಬ್ರರಿ ನೋಡಿಕೊಳ್ಳುತ್ತಿದ್ದ ಮಾಸ್ತರು. ಧಾರವಾಡದ ಕಡೆಯವರು, ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಬಾಯಲ್ಲಿ ಯಾವಾಗಲೂ ಅಡಿಕೆ ಚೂರು. ಮೊದಲ ವಾರವೇ ಅವರು, ಮರಳಿ ಬಂದ ಒಂದು ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ ಕೈ ಬಿಟ್ಟರು. ಅದು ತನ್ನಷ್ಟಕ್ಕೆ ಒಂದು ಕಡೆ ತೆರೆದುಕೊಂಡಿತು.

"ನೋಡ್ರಿ, ಎಲ್ಲಿ ತೆರಕೋತದ, ಅಲ್ಲೇ ಓದಿದವರು ನಿಂತಿರ್ತಾರ," ಎಂದರು. "ಬಾಯಿಲೆ ಅವರು ಹೇಳೂದು ಬ್ಯಾರೆ. ಅದನ್ನ ಕೇಳಿಸಿಕೋರಿ, ಆದ್ರ ನಂಬಬ್ಯಾಡ್ರಿ."

ಅಂದು ತೆರೆದದ್ದು ಒಬ್ಬ ಹಿರಿಯರು ಒಯ್ದಿದ್ದ ಇತಿಹಾಸದ ಪುಸ್ತಕ. ಅರಮನೆಯ ಅಡುಗೆಯ ವರ್ಣನೆ ಇದ್ದ ಪುಟ. ಆ ಹಿರಿಯರಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಸಿಹಿ ಬಂದ್ ಎಂದು ಆಮೇಲೆ ತಿಳಿಯಿತು.

ಬದಲಾಪುರದಲ್ಲಿ ಬ್ಯಾಂಕಿನವರೊಬ್ಬರಿದ್ದರು. ಯಾವಾಗಲೂ ವೇದಾಂತದ ದಪ್ಪ ಪುಸ್ತಕವೇ ಬೇಕು. ಅದೂ ಗಟ್ಟಿ ರಟ್ಟಿನದು. ಇಷ್ಟು ಸಣ್ಣ ವಯಸ್ಸಿಗೆ ಇಷ್ಟು ವೈರಾಗ್ಯ ಏಕೆ ಎಂದು ನನಗೆ ಚಿಂತೆಯಾಯಿತು. ಪುಸ್ತಕವನ್ನು ನಿಲ್ಲಿಸಿ ಬಿಟ್ಟರೆ ಅದು ಎಲ್ಲಿಯೂ ತೆರೆಯುತ್ತಿರಲಿಲ್ಲ, ಪಕ್ಕಕ್ಕೆ ಬೀಳುತ್ತಿತ್ತು. ಆದರೆ ಮೇಲಿನ ರಟ್ಟಿನ ನಡುಭಾಗ ಮಾತ್ರ ತಿಕ್ಕಿ ತಿಕ್ಕಿ ನುಣುಪಾಗಿರುತ್ತಿತ್ತು. ಒಂದು ಬೆಳಿಗ್ಗೆ ಅವರು ಕೆಲಸಕ್ಕೆ ಹೋಗುವ ಲೋಕಲ್ ಗಾಡಿಯನ್ನೇ ನಾನೂ ಹತ್ತಿದೆ. ನಾಲ್ವರು ಎದುರುಬದುರು ಕುಳಿತು ನಮ್ಮ ವೇದಾಂತವನ್ನು ಮೊಣಕಾಲುಗಳ ಮೇಲಿಟ್ಟು ಅದರ ಮೇಲೆ ಇಸ್ಪೀಟು ಆಡುತ್ತಿದ್ದರು. ನನ್ನನ್ನು ಕಂಡು ಅವರು ನಾಚಿಕೊಳ್ಳಲೂ ಇಲ್ಲ. "ಪದ್ಮಣ್ಣ, ಮುಂದಿನ ಸಲ ಸ್ವಲ್ಪ ಅಗಲದ್ದು ನೋಡಿ," ಎಂದರು.

ಎಲ್ಲ ಸಂಶಯವೂ ಸರಿಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಕಲ್ಯಾಣದಿಂದ ಒಬ್ಬ ಕಾಲೇಜು ಹುಡುಗಿ ಫೋನ್ ಮಾಡಿ, "ಅಂಕಲ್, ಅಜ್ಜಿಗೆ ಟೈಮ್‌ಪಾಸ್‌ಗೆ ಒಂದು ಒಳ್ಳೆ ಉಪನ್ಯಾಸ್ ಚಾಹಿಯೇ," ಎಂದಳು. ಟೈಮ್‌ಪಾಸಿಗೆ ಯಾರಾದರೂ ಉಪನ್ಯಾಸ ಕೇಳುತ್ತಾರೆಯೇ ಎಂದು ಅನುಮಾನ ಬಂತಾದರೂ, ಅಜ್ಜಿಯರ ವಿಷಯ ಹೇಳಲಾಗದು ಎಂದು ದುಶ್ಚಟ ನಿವಾರಣೆಯ ಉಪನ್ಯಾಸ ಮಾಲಿಕೆಯೊಂದನ್ನು ಒಯ್ದೆ. ಅಜ್ಜಿ ನಾಲ್ಕು ಪುಟ ಓದಿ ಪುಸ್ತಕ ಮುಚ್ಚಿದರು. "ನನಗೆ ಕುಡಿತದ ಚಟ ಉಂಟು ಅಂತ ನಿಮ್ಮ ಹತ್ರ ಹೇಳಿದ್ದು ಯಾರು?" ಎಂದು ಕೇಳಿದರು. ಮೊಮ್ಮಗಳು ಬೇಕೆಂದೇ ಅಜ್ಜಿಯನ್ನು ಚುಚ್ಚಿದ್ದಾಳೆ ಎಂದೇ ನಾನು ಬಗೆದಿದ್ದೆ. ಹಿಂದಿಯಲ್ಲಿ ಉಪನ್ಯಾಸ ಎಂದರೆ ಕಾದಂಬರಿ ಎಂದು ಮಾಸ್ತರು ಹೇಳಿದಾಗ ಗೊತ್ತಾಯಿತು. ಮನುಷ್ಯರ ಮೇಲಷ್ಟೇ ಅಲ್ಲ, ಮಾತಿನ ಮೇಲೂ ಕಣ್ಣಿಡಬೇಕು ಎಂದು ಅಂದಿನಿಂದ ನೆನಪಿಟ್ಟುಕೊಂಡೆ. ಒಂದು ಮನೆಯಲ್ಲಿ ತುಳು, ಅದೇ ಮನೆಯ ಮಕ್ಕಳ ಬಾಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ, ನನ್ನ ಚೀಲದಲ್ಲಿ ಕನ್ನಡ. ಒಂದೇ ಶಬ್ದ ಈ ನಾಲ್ಕು ಕಡೆ ನಾಲ್ಕು ವೇಷ ಹಾಕುತ್ತದೆ.

ಓದುಗರು ವಯಸ್ಸಿಗೆ ತಕ್ಕಂತೆ ಬದಲಾಗುತ್ತಾರೆ, ಹದಿನಾರಕ್ಕೆ ಪ್ರೇಮಕಥೆ, ಅರುವತ್ತಕ್ಕೆ ದೇವರು ಎಂದು ಹೊಸಬರಿಗೆ ಯಾರಾದರೂ ಹೇಳಿಕೊಟ್ಟಾರು. ನಂಬಬೇಡಿ. ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದ ಕೃಷ್ಣಣ್ಣ ಬಂದ ಹೊಸದರಲ್ಲಿ ಪತ್ತೇದಾರಿ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಮಕ್ಕಳಾದ ಮೇಲೆ ಮಕ್ಕಳಿಗೆ ಎಂದು ಹೇಳಿ ರಾಜಕುಮಾರಿಯ ಕಥೆಗಳನ್ನು ತಾವೇ ಓದಿದರು. ಎದೆನೋವು ಬಂದ ವರ್ಷ ಆರೋಗ್ಯದ ಪುಸ್ತಕ ಒಯ್ದು ಹೆದರಿ ಮಧ್ಯದಲ್ಲೇ ಮರಳಿಸಿದರು. ತಲೆ ಹಣ್ಣಾದ ಮೇಲೆ ಮತ್ತೆ ಹಳೆಯ ಪತ್ತೇದಾರಿಗೇ ಬಂದರು. ಮೊದಲು ಓದಿದ್ದೇ ಒಂದನ್ನು ಓದಿ, "ಇದರಲ್ಲಿ ಎಂತದೋ ಬದಲು ಮಾಡಿದ್ದಾರೆ ಮಾರಾಯ್ರೆ," ಎಂದು ನನ್ನ ಮುಂದೆ ಹಿಡಿದರು. "ಮುಂಚೆ ನನಗೆ ಕಳ್ಳನ ಮೇಲೆ ಸಿಟ್ಟು ಬಂದಿತ್ತು. ಈಗ ಪೊಲೀಸನ ಮೇಲೆ ಬರ್ತಾ ಉಂಟು." ನಾನು ನಕ್ಕುಬಿಟ್ಟೆ. ಪುಸ್ತಕವನ್ನು ಯಾರೋ ತಿದ್ದಿದ್ದಾರೆ ಎಂಬ ಅದೇ ದೂರು ಮತ್ತೊಬ್ಬರಿಂದ ಬಂದಾಗ ನಗಲಾಗಲಿಲ್ಲ.

ಅದು ಜಯಂತಿಯ ಕಥೆ. ನಾನು ಬರೆಯಲು ಕೂತದ್ದೂ ಅದಕ್ಕೇ ಇರಬೇಕು.

ಜಯಂತಿಯ ಅಪ್ಪ ಸಂಜೀವಣ್ಣ ಕಾಪುವಿನ ಕಡೆಯವರು, ಡೊಂಬಿವಲಿ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಮ್ಯಾನೇಜರ್. ಮನೆಯಲ್ಲಿ ಮಾತೆಲ್ಲ ತುಳು. ಜಯಂತಿ ಹೋಗುತ್ತಿದ್ದುದು ಮರಾಠಿ ಶಾಲೆಗೆ. ಕನ್ನಡ ಅಕ್ಷರವನ್ನು ಸಂಜೀವಣ್ಣನೇ ಹೋಟೆಲಿಗೆ ಬರುತ್ತಿದ್ದ ಕನ್ನಡ ಪತ್ರಿಕೆ ಇಟ್ಟುಕೊಂಡು ಮಗಳಿಗೆ ಕಲಿಸಿದರು. ಒಂದೊಂದೇ ಕೋಣೆಯ ಸಾಲುಮನೆಗಳಿದ್ದ ಅವರ ಚಾಳ್‌ಗೆ ನಾನು ಹೋದಾಗೆಲ್ಲ ಆ ಹುಡುಗಿ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತ ಓದುತ್ತಿತ್ತು. ಒಂದು ವಿಷಯ ಆಗಲೇ ಗಮನಿಸಿದ್ದೆ. ಗೊತ್ತಿಲ್ಲದ ಶಬ್ದ ಬಂದರೆ ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಇದು ನಿನಗೆ ಹೆಚ್ಚಾಯಿತು ಎಂದು ಅಪ್ಪ ಪುಸ್ತಕ ತೆಗೆದುಕೊಂಡಾರು ಎಂಬ ಹೆದರಿಕೆ. ತನಗೆ ತೋಚಿದ ಅರ್ಥ ಹಚ್ಚಿಕೊಂಡು ಮುಂದಕ್ಕೆ ಓಡುತ್ತಿದ್ದಳು.

ಕಾಗಕ್ಕ ಗುಬ್ಬಕ್ಕನ ಕಥೆ ಮುಗಿದು ಧಾರಾವಾಹಿ ಕಾದಂಬರಿಗೆ ಬಂದಳು. ಕಾಲೇಜು ಮುಗಿಯುವ ಹೊತ್ತಿಗೆ ಕಲ್ಯಾಣದ ದಿವಾಕರನ ಜೊತೆ ಮದುವೆಯಾಯಿತು. ಅವನದು ಕೇಟರಿಂಗ್ ವ್ಯವಹಾರ. ನಮ್ಮ ಲೈಬ್ರರಿಯ ಪುಸ್ತಕಗಳಿಗೆಲ್ಲ ಖಾಕಿ ಕಾಗದದ ಹೊದಿಕೆ, ಮೇಲೆ ಹೆಸರು ಮಾತ್ರ. ಅತ್ತೆಗೆ ವ್ರತಕಥೆ ಬೇಕು, ಸೊಸೆಗೂ ವ್ರತಕಥೆಯೇ ಬೇಕು ಎಂದು ಆ ಮನೆಯಲ್ಲಿ ಹೇಳಿದಾಗಲೇ ನನಗೆ ವಾಸನೆ ಬಡಿದಿತ್ತು. ಜೊತೆಗೊಂದು ಕಾದಂಬರಿಯನ್ನೂ ಒಯ್ದು ಕೊಟ್ಟೆ. ಮರಳಿ ಬಂದಾಗ ನೋಡಿದರೆ ವ್ರತಕಥೆಯ ಹೊದಿಕೆ ಸಡಿಲ, ಕಾದಂಬರಿಯ ಹೊದಿಕೆ ಬಿಗಿ. ಅದಲುಬದಲಾಗಿತ್ತು, ಸೊಸೆ ವ್ರತಕಥೆಯ ಹೊದಿಕೆಯೊಳಗೆ ಕಾದಂಬರಿ ಓದಿದ್ದಳು. ನಾನು ಏನೂ ಹೇಳದೆ, ಮುಂದಿನ ಸಲದಿಂದ ಅಳತೆಗೆ ಸರಿಹೊಂದುವ ಕಾದಂಬರಿಗಳನ್ನೇ ಆರಿಸಿ ಒಯ್ದೆ.

ಆಮೇಲೆ ಒಂದು ಬೇಸಿಗೆಯಲ್ಲಿ ಜಯಂತಿ ಡೊಂಬಿವಲಿಯ ಅಪ್ಪನ ಮನೆಯಲ್ಲಿ ಕಂಡಳು. ತೊಡೆಯ ಮೇಲೆ ಸಣ್ಣ ಮಗು, ಶ್ವೇತಾ. "ನಾಲ್ಕು ದಿನ ಇದ್ದು ಹೋಗ್ಲಿಕ್ಕೆ ಬಂದದ್ದು," ಎಂದರು ಸಂಜೀವಣ್ಣ. ನನ್ನ ಕಣ್ಣು ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗೆ ಹೋಯಿತು. ಮಗುವಿನ ಉಣ್ಣೆಯ ಸ್ವೆಟರ್ ಇತ್ತು. ಮೇ ತಿಂಗಳ ಬೆವರಿನಲ್ಲಿ ನಾಲ್ಕು ದಿನಕ್ಕೆಂದು ಬಂದವರು ಸ್ವೆಟರ್ ತರುವುದಿಲ್ಲ.

ಸಂಜೀವಣ್ಣ ಕೆಳಗಿನವರೆಗೆ ಬಂದು ವಿಷಯ ಹೇಳಿದರು. ದಿವಾಕರ ಹೊಡೆಯುವುದಿಲ್ಲ, ಬೈಯುವುದಿಲ್ಲ. ಮಾತು ಬಿಡುತ್ತಾನೆ. ಸಾರಿಗೆ ಉಪ್ಪು ಹೆಚ್ಚಾದರೂ ಸಾಕು, ತಿಂಗಳುಗಟ್ಟಲೆ ಹೆಂಡತಿಯ ಹತ್ತಿರ ಒಂದು ಶಬ್ದವಿಲ್ಲ. ಹೇಳುವುದಿದ್ದರೆ ತಾಯಿಯ ಮೂಲಕ. "ಹೊಡಿದ್ರೆ ನಾಲ್ಕು ಜನರ ಹತ್ರ ಹೇಳ್ಬಹುದು ಪದ್ಮನಾಭ. ಮಾತಾಡುದಿಲ್ಲ ಅಂತ ಯಾರ ಹತ್ರ ಹೇಳುದು?" ಎಂದರು.

ಹೋಗಬೇಡ ಎಂದು ಅವಳಿಗೆ ಹೇಳಬೇಕೆಂದು ನನಗೆ ಬಹಳ ಅನ್ನಿಸಿತು. ಆದರೆ ಪುಸ್ತಕ ತಂದುಕೊಡುವವನು ಅದನ್ನು ಹೇಗೆ ಹೇಳುವುದು? ನಾನು ನನ್ನ ಕೈಲಾದದ್ದನ್ನು ಮಾಡಿದೆ. ಲೈಬ್ರರಿಯಲ್ಲಿ ಒಂದು ಹಳೆಯ ಕಾದಂಬರಿ ಇತ್ತು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ನೇರವಾಗಿ ಕೊನೆಯ ಪುಟಕ್ಕೇ ಹೋಗುತ್ತೀರಿ. ಗಂಡನ ಮನೆ ಬಿಟ್ಟು ಬಂದ ಒಬ್ಬ ಹೆಂಗಸಿನ ಕಥೆ. ಕೊನೆಯಲ್ಲಿ ಗಂಡ ಕರೆದೊಯ್ಯಲು ಬಂದಿದ್ದಾನೆ, ಬಸ್ಸು ನಿಂತಿದೆ, ಅವಳು ಬಾಗಿಲಲ್ಲಿದ್ದಾಳೆ. ಕೊನೆಯ ಸಾಲು, "ಅವಳು ಹೋಗಳು." ಅಷ್ಟೇ. ಹೋಗುವುದಿಲ್ಲ ಎಂದು ಅರ್ಥ. ಈಗ ಯಾರೂ ಹಾಗೆ ಮಾತಾಡುವುದಿಲ್ಲ, ಆದರೆ ಹಳಬರು ಬರೆಯುತ್ತಿದ್ದುದು ಹಾಗೆಯೇ. ನನ್ನ ಬಾಯಿಂದ ಬರದ ಮಾತನ್ನು ಪುಸ್ತಕ ಹೇಳಲಿ ಎಂದು ಅದನ್ನು ಕೊಟ್ಟೆ.

ಮುಂದಿನ ಸಲ ಹೋದಾಗ ಜಯಂತಿ ಇರಲಿಲ್ಲ. ಸಂಜೀವಣ್ಣ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. "ಹೋದಳು ಮಾರಾಯ. ಇದನ್ನು ಓದಿ ಮುಗಿಸಿದವಳು ಎದ್ದು ಬ್ಯಾಗ್ ತುಂಬಿಸ್ಲಿಕ್ಕೆ ಶುರು ಮಾಡಿದಳು. ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

ಓದಿ ಮುಗಿಸಿದಳು ಎಂಬುದನ್ನು ನಾನು ನಂಬಲಿಲ್ಲ. ಅರ್ಧಕ್ಕೇ ಬಿಟ್ಟಿರಬೇಕು ಎಂದುಕೊಂಡೆ. ಲೈಬ್ರರಿಗೆ ಬಂದು ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿ ಬಿಟ್ಟೆ. ಅದು ಕೊನೆಯ ಪುಟಕ್ಕೇ ತೆರೆದುಕೊಂಡಿತು. ಓದಿದ್ದಾಳೆ, ಓದಿಯೂ ಹೋಗಿದ್ದಾಳೆ. ಆ ದಿನ ನನಗಾದ ಬೇಸರ ಸಣ್ಣದಲ್ಲ. ಅಲ್ಲಿಯವರೆಗೆ ನಾನು ಸಂಶಯಪಟ್ಟದ್ದು ಓದುಗರನ್ನು. ಅಂದಿನಿಂದ ಪುಸ್ತಕಗಳ ಮೇಲೆಯೇ ಸಂಶಯ ಶುರುವಾಯಿತು. ಇವು ಯಾರನ್ನೂ ಎಲ್ಲಿಂದ ಎಲ್ಲಿಗೂ ಅಲುಗಾಡಿಸುವುದಿಲ್ಲ, ಇಷ್ಟು ವರ್ಷ ಸುಮ್ಮನೆ ಭಾರ ಹೊತ್ತೆ ಎನ್ನಿಸಿತು. ಮಾಸ್ತರ ಹತ್ತಿರ ಹೇಳಿದೆ. ಅವರು ಅಡಿಕೆ ಅಗಿಯುತ್ತ, "ಚೀಲ ಹೊರೂದಷ್ಟೇ ನಿಮ್ಮ ಕೆಲಸರಿ. ಒಳಗಿಂದು ನಿಮ್ಮದಲ್ಲ," ಎಂದರು.

ದಿವಾಕರನ ವ್ಯವಹಾರ ಬೆಳೆದು ಅವರು ಸೀವುಡ್ಸ್‌ನಲ್ಲಿ ಎತ್ತರದ ಕಟ್ಟಡವೊಂದರಲ್ಲಿ ಫ್ಲ್ಯಾಟ್ ತೆಗೆದುಕೊಂಡರು. ನಾನು ಥಾಣೆಯಲ್ಲಿ ಗಾಡಿ ಬದಲಾಯಿಸಿ ಅಲ್ಲಿಗೂ ಚೀಲ ಒಯ್ದೆ. ದಿವಾಕರ ಮನೆಯಲ್ಲಿದ್ದರೆ ನನ್ನನ್ನು ಬಹಳ ಆದರದಿಂದ ಮಾತಾಡಿಸುತ್ತಿದ್ದ. ಹೆಂಡತಿ ಎದುರಲ್ಲೇ ನಿಂತಿದ್ದರೂ, "ಪದ್ಮಣ್ಣ, ಅವಳ ಹತ್ರ ಒಂದು ಚಾ ಮಾಡ್ಲಿಕ್ಕೆ ಹೇಳಿ," ಎನ್ನುತ್ತಿದ್ದ. ನಾನು ಇಲ್ಲದ ದಿನ ಆ ಕೆಲಸ ಮಗಳು ಶ್ವೇತಾಳದು. ಅಪ್ಪನ ಮಾತನ್ನು ಅಮ್ಮನಿಗೆ, ಅಮ್ಮನ ಮಾತನ್ನು ಅಪ್ಪನಿಗೆ ಮುಟ್ಟಿಸುತ್ತಲೇ ಆ ಹುಡುಗಿ ದೊಡ್ಡವಳಾದಳು. ಜಯಂತಿ ಮಾತ್ರ ಓದಿದಳು. ಅವಳಷ್ಟು ಓದಿದವರು ನಾನು ಪುಸ್ತಕ ಒಯ್ಯುವ ಮನೆಗಳಲ್ಲಿ ಬೇರೆ ಯಾರೂ ಇರಲಿಲ್ಲ. ಬೆರಳಿಡುವುದು ನಿಂತಿತು, ತುಟಿ ಆಡಿಸುವುದು ನಿಂತಿತು. ಹಳೆಗಾಲದ ಗಟ್ಟಿ ಭಾಷೆಯ ಪುಸ್ತಕಗಳನ್ನೂ ಕೇಳಿ ಪಡೆದಳು. ಮಾತಾಡುವವರಿಲ್ಲದ ಮನೆಯಲ್ಲಿ ಓದು ಚೆನ್ನಾಗಿ ಬೆಳೆಯುತ್ತದೆ ಎಂದು ನಾನು ಕಹಿಯಾಗಿ ಯೋಚಿಸುತ್ತಿದ್ದೆ. ಆ ಒಂದು ಕಾದಂಬರಿಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ನನ್ನ ಕೊನೆಯ ವರ್ಷದಲ್ಲಿ ಒಂದು ದಿನ ಅವಳ ಫೋನ್ ಬಂತು. ಅದೇ ಕಾದಂಬರಿ ಬೇಕು ಎಂದಳು. ಅಷ್ಟು ಕಾಲದ ಮೇಲೆ ಒಂದೇ ಪುಸ್ತಕವನ್ನು ಯಾರೂ ಸುಮ್ಮನೆ ಕೇಳುವುದಿಲ್ಲ. ಒಯ್ದೆ. ಬಾಗಿಲು ತೆರೆದಾಗ ಹಾಲ್‌ನ ಮೂಲೆಯಲ್ಲಿ ದೊಡ್ಡ ಬ್ಯಾಗುಗಳು ಕಂಡವು, ಜೊತೆಗೆ ಕುಂಡಸಮೇತ ಒಂದು ಮನಿಪ್ಲಾಂಟ್. ತವರಿಗೆ ತಿರುಗಾಡಲು ಬಂದವರು ಕುಂಡ ಹೊತ್ತು ತರುವುದಿಲ್ಲ. ಶ್ವೇತಾಳಿಗೆ ಥಾಣೆಯ ಹುಡುಗನ ಜೊತೆ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ.

ನಾನು ಕೇಳದಿದ್ದರೂ ಜಯಂತಿಯೇ ಹೇಳಿದಳು. "ಅಳಿಯನೂ ಮಾತು ಬಿಟ್ಟಿದ್ದಾನೆ ಪದ್ಮಣ್ಣ. ಒಂದೇ ಮನೆಯಲ್ಲಿದ್ದು ಮೊಬೈಲ್‌ನಲ್ಲಿ ಮೆಸೇಜ್ ಕಳಿಸ್ತಾನಂತೆ. ಇವಳು ವಾಪಸ್ ಹೋಗುದಿಲ್ಲ ಅಂತ ಕೂತಿದ್ದಾಳೆ."

"ಈ ಪುಸ್ತಕ ಯಾರಿಗೆ?"

"ಇವಳಿಗೇ. ಇವಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ, ನಾನೇ ದಿನಾ ಸ್ವಲ್ಪ ಸ್ವಲ್ಪ ಓದಿ ಹೇಳ್ತೇನೆ. ನಾನು ಹೇಳಿದ್ರೆ ಜಗಳ ಆಗ್ತದೆ. ಪುಸ್ತಕ ಹೇಳಿದ್ರೆ ಕೇಳ್ಬಹುದು. ನಾನು ವಾಪಸ್ ಹೋದದ್ದು ಇದನ್ನು ಓದಿಯೇ ಅಲ್ವಾ?"

 ಇದನ್ನು ಓದಿ ಹೋಗುವುದು ಹೇಗೆ? ಅವಳು ಬೇರೆ ಯಾವುದೋ ಕಥೆಯನ್ನು ಇದರ ಜೊತೆ ಕಲಸಿಕೊಂಡಿದ್ದಾಳೆ ಎಂದುಕೊಂಡೆ. ಅಥವಾ ನನಗೆ ಸುಳ್ಳು ಹೇಳುತ್ತಿದ್ದಾಳೆ. ಏನೂ ಕೇಳದೆ ಎದ್ದು ಬಂದೆ.

ವಾರ ಕಳೆದ ಮೇಲೆ ಮತ್ತೆ ಫೋನ್. ಈ ಸಲ ಸ್ವರ ಗಡುಸಾಗಿತ್ತು. "ನೀವು ಬೇರೆ ಪುಸ್ತಕ ಕೊಟ್ಟಿದ್ದೀರಿ. ಬಂದು ನೋಡಿ."

ಹೋದೆ. ದಿವಾಕರ ಕೆಲಸದ ಮೇಲೆ ಹೊರಗಿದ್ದ. ಶ್ವೇತಾ ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಇದ್ದಳು. ಜಯಂತಿ ಪುಸ್ತಕವನ್ನು ನನ್ನ ಎದುರಿಗೆ ಇಟ್ಟು ಕೊನೆಯ ಪುಟ ತೆರೆದಳು.

"ಮಗಳಿಗೆ ಕೊನೆಯ ಅಧ್ಯಾಯ ಒಂದು ಓದ್ಲಿಕ್ಕೆ ಬಾಕಿ. ಮೊದಲು ನಾನೊಮ್ಮೆ ನೋಡಿಕೊಳ್ಳುವ ಅಂತ ತೆಗೆದೆ. ಇದರಲ್ಲಿ ಅವಳು ಹೋಗುದಿಲ್ಲ. ನೀವು ಆಗ ಕೊಟ್ಟದ್ದರಲ್ಲಿ ಹೋಗ್ತಾಳೆ. ಯಾರು ತಿದ್ದಿದ್ದು ಇದನ್ನು?"

"ಲೈಬ್ರರಿಯಲ್ಲಿ ಇದರದ್ದು ಒಂದೇ ಪ್ರತಿ ಇರುದು ಜಯಂತಿ. ಇದೇ ಅದು."

ಅವಳು ನಂಬಲಿಲ್ಲ. ಪುಟದ ಬುಡದಲ್ಲಿ ಉಗುರಾಡಿಸಿ, ಹೊಸ ಹಾಳೆ ಅಂಟಿಸಿದ್ದಾರೆಯೇ ಎಂದು ನೋಡಿದಳು. ಬೆಳಕಿಗೆ ಹಿಡಿದಳು. ಹೊಲಿಗೆಯ ದಾರ ಎಣಿಸುವಂತೆ ನೋಡಿದಳು. ಬದುಕಿಡೀ ನಾನು ಇತರರನ್ನು ನೋಡಿದ ಕಣ್ಣಿನಿಂದಲೇ ಅವಳು ನನ್ನನ್ನು ನೋಡುತ್ತಿದ್ದಳು. ಅದು ಸುಖದ ಅನುಭವವಲ್ಲ.

"ಕೊನೆಯ ಸಾಲು ಓದು," ಎಂದೆ.

"ಅವಳು ಹೋಗಳು."

"ಆಗ ಇದನ್ನು ಓದಿದಾಗ ಎಂತ ತಿಳಿದುಕೊಂಡಿದ್ದಿ?"

ಅವಳು ಸಾಲಿನ ಕೆಳಗೆ ಬೆರಳಿಟ್ಟಳು. ಆಮೇಲೆ ಬಹಳ ಮೆಲ್ಲಗೆ, ತುಳುವಿನಲ್ಲಿ, "ಆಳ್ ಪೋಪಳ್," ಎಂದಳು.

ತುಳುವಿನಲ್ಲಿ ಪೋಪಳು ಎಂದರೆ ಹೋಗುತ್ತಾಳೆ. ಮನೆಯಲ್ಲಿ ಅವಳು ದಿನವೂ ಕೇಳಿದ ಮಾತು ಅದು. ಕನ್ನಡದಲ್ಲಿ ಹೋಗ್ತಾಳೆ, ಹೋಗುದಿಲ್ಲ ಎಂಬ ಎರಡನ್ನು ಕೇಳಿ ಬಲ್ಲಳು. ಹೋಗಳು ಎಂದು ಅವಳ ಮುಂದೆ ಯಾರೂ ಆಡಿದ್ದಿಲ್ಲ. ಆ ಶಬ್ದದಲ್ಲಿ ಇಲ್ಲ ಎಂಬುದು ಎಲ್ಲಿಯೂ ಕಾಣುವುದಿಲ್ಲ, ಬೇಡ ಎಂಬುದೂ ಇಲ್ಲ. ಪೋಪಳು ಇದ್ದ ಹಾಗೆ ಹೋಗಳು ಎಂದು ಹಚ್ಚಿಕೊಂಡು, ಯಾರನ್ನೂ ಕೇಳದೆ, ಅವಳು ಎದ್ದು ಬ್ಯಾಗ್ ತುಂಬಿಸಿದ್ದಳು. ನಾನು ಕೊಟ್ಟ ಪುಸ್ತಕ ಕೆಲಸ ಮಾಡಲಿಲ್ಲ ಎಂದು ಇಷ್ಟು ವರ್ಷ ತಿಳಿದಿದ್ದೆ. ಅದು ಮಾಡಿತ್ತು. ಅವಳು ಅಕ್ಷರಶಃ ಅದರ ಮಾತು ಕೇಳಿದ್ದಳು.

"ನೀವು ಯಾಕೆ ಆಗ ಈ ಪುಸ್ತಕ ಕೊಟ್ಟದ್ದು?" ಎಂದು ಕೇಳಿದಳು.

"ಹೋಗಬೇಡ ಅಂತ ಹೇಳ್ಲಿಕ್ಕೆ."

"ಬಾಯಿ ಬಿಟ್ಟು ಹೇಳ್ಬಹುದಿತ್ತಲ್ಲ ಪದ್ಮಣ್ಣ. ನೀವೂ ನಮ್ಮ ಮನೆಯವರ ಹಾಗೆಯೇ ಬೇರೆಯವರ ಕೈಲಿ ಹೇಳಿಸಿದಿರಿ."

 ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬಂದ ಹಾಗೆ ಕಾಣಲಿಲ್ಲ. ಆ ಮೂರಕ್ಷರದ ಮೇಲಿಟ್ಟ ಬೆರಳನ್ನು ಮಾತ್ರ ತೆಗೆಯಲಿಲ್ಲ. ನಾನು ಏಳಬೇಕೋ ಕೂರಬೇಕೋ ತಿಳಿಯದೆ ಚೀಲದ ಪಟ್ಟಿಯನ್ನು ಹಿಡಿದು ಕೂತೆ. ಇವಳು ನಿಜವಾಗಿಯೂ ತಪ್ಪು ಓದಿದಳೋ, ಹೋಗುವ ಮನಸ್ಸು ಮೊದಲೇ ಇದ್ದು ಅದಕ್ಕೆ ಬೇಕಾದ ಹಾಗೆ ಓದಿಕೊಂಡಳೋ ಎಂಬ ಅನುಮಾನ ಆ ಹೊತ್ತಿನಲ್ಲೂ ನನ್ನನ್ನು ಬಿಡಲಿಲ್ಲ. ಇಂದಿಗೂ ಬಿಟ್ಟಿಲ್ಲ. ಚಟ ಅಂಥದ್ದು.

ಅಷ್ಟರಲ್ಲಿ ಶ್ವೇತಾ ಹೊರಗೆ ಬಂದಳು. ನನಗೆ ನಮಸ್ಕಾರ ಮಾಡಿ ಸೋಫಾದ ಮೇಲೆ ಕಾಲು ಮಡಚಿ ಕೂತಳು. "ಮಮ್ಮಿ, ದೋ ದಿನ್ ಸೇ ಟಾಲ್ ರಹೀ ಹೈ ತೂ. ಆಜ್ ಪೂರಾ ಕರ್ ನಾ. ಅಂಕಲ್ ಭೀ ಸುನೇಂಗೆ," ಎಂದು, ಎರಡು ದಿನದಿಂದ ಮುಂದೂಡಿದ್ದನ್ನು ಇಂದೇ ಓದಿ ಮುಗಿಸಲು ತಾಯಿಗೆ ಗಂಟುಬಿದ್ದಳು.

ಜಯಂತಿ ಪುಸ್ತಕವನ್ನು ಕೈಗೆತ್ತಿಕೊಂಡಳು. ಆಗ ನನ್ನ ಸಂಶಯ ಬೇರೆ ಕಡೆಗೆ ತಿರುಗಿತು. ಮಗಳಿಗೆ ಓದಲು ಬರುವುದಿಲ್ಲ. ತಾಯಿ ಹೋದಳು ಎಂದು ಹೇಳಿದರೂ ಕಥೆ ಮುಗಿಯುತ್ತದೆ, ಹೋಗಲಿಲ್ಲ ಎಂದು ಹೇಳಿದರೂ ಮುಗಿಯುತ್ತದೆ. ಸರಿಯೋ ತಪ್ಪೋ ಎಂದು ಬಲ್ಲವನು ಅಲ್ಲಿ ನಾನೊಬ್ಬ, ನಾನು ಬಾಯಿ ಬಿಡುವವನಲ್ಲ ಎಂಬುದು ಅವಳಿಗೆ ಈಗಷ್ಟೇ ಗೊತ್ತಾಗಿತ್ತು. ಮಗಳು ಹಿಂದಿರುಗಬೇಕು ಎಂಬ ಆಸೆಯಿಂದಲೇ ಅಲ್ಲವೇ ಅವಳು ಈ ಪುಸ್ತಕ ತರಿಸಿದ್ದು? ಹಿಂದಿರುಗದಿದ್ದರೆ ದಿವಾಕರ ಏನನ್ನುತ್ತಾನೆ, ಬೀಗರು ಏನನ್ನುತ್ತಾರೆ, ಅದೆಲ್ಲ ಅವಳ ತಲೆಯಲ್ಲಿ ಇದ್ದೇ ಇತ್ತು.

ಅವಳು ಓದಿದಳು. ಎಲ್ಲಿಯೂ ತಡವರಿಸಲಿಲ್ಲ. ಕ್ಲಿಷ್ಟ ಶಬ್ದ ಬಂದಲ್ಲಿ ನಿಲ್ಲಿಸಿ ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಗಂಡ ಬಂದ, ಬಸ್ಸು ನಿಂತಿತು. ಕೊನೆಯ ಸಾಲನ್ನೂ ಅದೇ ಸ್ವರದಲ್ಲಿ ಓದಿದಳು. "ಅವಳು ಹೋಗಳು."

"ಮತ್ಲಬ್? ಗಯೀ?" ಎಂದು ಶ್ವೇತಾ ಕೇಳಿದಳು, ಅಂದರೆ ಹೋದಳೇ ಎಂದು.

ಜಯಂತಿ ನನ್ನತ್ತ ನೋಡಿದಳು. ನಾನು ಚೀಲದ ಪಟ್ಟಿಯನ್ನು ನೋಡಿದೆ.

"ಇಲ್ಲ," ಎಂದಳು ಜಯಂತಿ. "ಹೋಗುದಿಲ್ಲ."

"ಲೇಕಿನ್ ತೂನೇ ತೋ ಬೋಲಾ ಥಾ, ವೋ ವಾಪಸ್ ಗಯೀ. ಇಸೀಲಿಯೇ ತೂ ಭೀ ಗಯೀ." ಅವಳು ವಾಪಸ್ ಹೋದಳು, ಅದಕ್ಕೇ ತಾನೂ ಹೋದೆ ಎಂದು ತಾಯಿಯೇ ಹೇಳಿದ್ದಲ್ಲವೇ ಎಂಬುದು ಅವಳ ತಕರಾರು.

"ಹೌದು."

"ಫಿರ್?"

"ನನಗೆ ಆಗ ಓದ್ಲಿಕ್ಕೆ ಬರ್ತಿರ್ಲಿಲ್ಲ ಮಗಾ."

ಶ್ವೇತಾ ತಾಯಿಯ ಮುಖವನ್ನೇ ನೋಡುತ್ತ ಕೂತಳು. "ಔರ್ ಅಬ್?" ಎಂದಳು.

"ಈಗ ಬರ್ತದೆ," ಎಂದಳು ಜಯಂತಿ. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು. "ನೀನು ಹೋಗ್ಬೇಡ."

ಇದರ ಅರ್ಥವನ್ನು ಶ್ವೇತಾ ಕೇಳಲಿಲ್ಲ.